ಕೆಟ್ಟರೆ ಕೆಡಲಿ ಆ ಕೈ

ಹೋದ ಮಂಗಳವಾರ ನಮ್ಮ ಆಫೀಸಿಗೆ ಬಂದ ಕಂಪ್ಯೂಟರ್ ರಿಪೇರಿಯವನು ನನ್ನ ಕೀಬೋರ್ಡನ್ನು ತಲೆಕೆಳಗು ಮಾಡಿ ಎರಡು ಸಲ ಕೊಡವಿದ. ಮೊದಲು ಕಡಲೆಪುರಿ ಉದುರಿತು. ಆಮೇಲೆ ಎರಡು ಅಕ್ಷರದ ಗುಂಡಿಗಳೂ ಉದುರಿದವು.

"ಮೇಡಂ, ಈ ವರ್ಷ ಇದು ಮೂರನೇ ಕೀಬೋರ್ಡು. ಇದನ್ನ ಮುಟ್ಟಿದ್ರೆ ಸಾಕು, ಅಕ್ಷರ ಬರುತ್ತೆ. ನೀವು ಯಾಕೆ ಹೊಡೀತೀರಾ?" ಎಂದು ಕೇಳಿದ.

ಪಕ್ಕದ ಸೀಟಿನ ಹುಡುಗಿಗೆ ಅಷ್ಟೇ ಸಾಕಾಗಿತ್ತು. "ಹೊಡೆಯೋದಲ್ಲ ಸಾರ್, ಕುಟ್ಟೋದು. ಮೇಡಂ ಅಂಕಣ ಬರೀತಿದ್ದಾರೆ ಅನ್ನೋದು ಕೆಳಗಿನ ಟೀ ಅಂಗಡಿಯವನಿಗೂ ಗೊತ್ತಾಗುತ್ತೆ" ಎಂದಳು.

ಇಬ್ಬರೂ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ? ಇವಳು ಸರಿಯಾಗಿ ಹೊಡೆಯುವುದೇ ಇಲ್ಲ ಎಂದು ದೂರು ಹೇಳಲು ಒಂದು ಕಾಲದಲ್ಲಿ ಒಬ್ಬರು ಬಸ್ಸಿಳಿದು ನಮ್ಮೂರಿಗೇ ಬಂದಿದ್ದರು!

ಅದೇ ದಿನ ಟಪಾಲಿನಲ್ಲಿ ಯಳಂದೂರಿನ ಓದುಗರೊಬ್ಬರ ಪತ್ರ ಬಂತು. (ಹೆಸರು ಹಾಕಬೇಡಿ ಅಂದಿದ್ದಾರೆ. ಹಾಕುವುದಿಲ್ಲ.) ಅವರ ಪ್ರಶ್ನೆ ಚಿಕ್ಕದು. "ಟೀವಿ ಹಾಕಿದರೆ ಸಾಕು, ಖಾಸಗಿಯವರು ಬಡತನ ಓಡಿಸುತ್ತಾರೆ ಅಂತ ಭಾಷಣ. ಯಾವ ಬಡವರ ಮನೆಯಿಂದ ಓಡಿಸಿದರು? ಒಂದೇ ಒಂದು ಉದಾಹರಣೆ ಕೊಡಿ ನೋಡೋಣ."

ಇಂಥ ಪ್ರಶ್ನೆಗೆ ಉತ್ತರಿಸಲು ದೊಡ್ಡ ದೊಡ್ಡವರಿದ್ದಾರೆ. ನಾನು ಅರ್ಥಶಾಸ್ತ್ರ ಓದಿದವಳಲ್ಲ. ಆದರೆ ಒಂದೇ ಒಂದು ಉದಾಹರಣೆ ಕೇಳಿದ್ದಾರಲ್ಲ, ಅದು ನನ್ನ ಹತ್ತಿರ ಇದೆ. ಸರಿಯಾಗಿ ಹೇಳಬೇಕೆಂದರೆ ನನ್ನ ಹತ್ತು ಬೆರಳಲ್ಲಿದೆ.

ಎಂಬತ್ತರ ದಶಕದ ಮಾತು. ನಮ್ಮೂರು ಮಧುವನಹಳ್ಳಿ. ಕೊಳ್ಳೇಗಾಲದಿಂದ ಹನೂರಿನ ಬಸ್ಸು ಹತ್ತಿದರೆ ಸೀಟು ಸಿಕ್ಕಿ ಕೂರುವಷ್ಟರಲ್ಲಿ ಇಳಿಯಬೇಕಾದ ಊರು. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಹೋಗಿದ್ದ. ಅವ್ವ, ನಾನು, ತಂಗಿ ಪುಟ್ಟಿ, ಮೂರೇ ಜನ. ಅವ್ವ ನಂಜುಂಡಪ್ಪನವರ ರೇಷ್ಮೆ ಶೆಡ್ಡಿನಲ್ಲಿ ನೂಲು ತೆಗೆಯುವ ಕೆಲಸ ಮಾಡುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ನಾನೂ ಅವ್ವನ ಪಕ್ಕದಲ್ಲೇ ಕೂತೆ.

ರೇಷ್ಮೆ ಸೀರೆ ಉಟ್ಟವರಿಗೆಲ್ಲ ಈ ಕೆಲಸ ಗೊತ್ತಿರುವುದಿಲ್ಲ, ಅದಕ್ಕೇ ಹೇಳುತ್ತೇನೆ. ಸುಡುವ ನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತಿರುತ್ತವೆ. ಆ ನೀರಿಗೆ ಕೈಯಿಟ್ಟು, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಎಳೆಯ ತುದಿಯನ್ನು ಬೆರಳಿನಲ್ಲೇ ಹುಡುಕಬೇಕು. ಏಳೆಂಟು ಗೂಡಿನ ಎಳೆ ಸೇರಿಸಿ ರಾಟೆಗೆ ಬಿಡಬೇಕು. ಒಂದು ಗೂಡು ಮುಗಿಯುತ್ತಿದ್ದಂತೆ ಇನ್ನೊಂದರ ಎಳೆ ಸೇರಿಸಬೇಕು. ಬೆರಳು ಸ್ವಲ್ಪ ಒರಟಾದರೂ ಎಳೆ ಪಟಕ್ಕನೆ ಹರಿದುಹೋಗುತ್ತದೆ. ಹರಿದ ನೂಲಿಗೆ ಮಾರ್ಕೆಟ್ಟಿನಲ್ಲಿ ಮರ್ಯಾದೆ ಇಲ್ಲ. ಹರಿದವಳಿಗೆ ಶೆಡ್ಡಿನಲ್ಲಿ ಮರ್ಯಾದೆ ಇಲ್ಲ.

ಅವ್ವ ಕಲಿಸಿದ ಮೊದಲ ಪಾಠ ಒಂದೇ. "ಮುಟ್ಟು ಮಗಾ, ಆದ್ರ ಮುಟ್ಟಿದಂಗ ಇರ್ಬಾರ್ದು."

ಆರು ತಿಂಗಳಲ್ಲಿ ಕಲಿತೆ. ಇಡೀ ಶೆಡ್ಡಿನಲ್ಲಿ ಅವ್ವನ ಬಿಟ್ಟರೆ ನನ್ನದೇ ಒಳ್ಳೆಯ ಕೈ ಎಂದು ನಂಜುಂಡಪ್ಪನವರೇ ಹೇಳುತ್ತಿದ್ದರು. ಹೆಮ್ಮೆಯಿಂದ ಉಬ್ಬಿಹೋಗುತ್ತಿದ್ದೆ. ಅವ್ವ ಮಾತ್ರ ಆ ಮಾತು ಬಂದಾಗಲೆಲ್ಲ ತೊಟ್ಟಿಯ ಕಡೆ ಮುಖ ತಿರುಗಿಸಿಬಿಡುತ್ತಿದ್ದಳು. ಯಾಕೆ ಎಂದು ಆಗ ನಾನು ಕೇಳಲಿಲ್ಲ.

ಟೈಪಿಂಗ್ ಕಲಿ ಎಂದು ಹಟ ಹಿಡಿದವಳು ಅವಳೇ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ದಿನಸಿ ಅಂಗಡಿಯ ಮಹಡಿಯ ಮೇಲೆ ಸಿದ್ದಲಿಂಗ ಮೇಷ್ಟ್ರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹನ್ನೊಂದು ಮೆಷಿನ್ನು, ಒಂದು ಗೋಡೆ ಗಡಿಯಾರ, ಒಬ್ಬರು ಮೇಷ್ಟ್ರು. ಅವರು ಹನೂರಿನವರು. ಬೆಳಿಗ್ಗೆ ಮೊದಲ ಪ್ರೈವೇಟ್ ಬಸ್ಸಿಗೆ ಬಂದು ಬೀಗ ತೆಗೆಯುತ್ತಿದ್ದರು. ಫೀಸನ್ನು ಅವ್ವ ಒಂದು ತಿಂಗಳೂ ತಪ್ಪಿಸಲಿಲ್ಲ, ಮೇಷ್ಟ್ರು ಒಂದು ತಿಂಗಳೂ ಬಿಡಲಿಲ್ಲ. (ಸಮಾಜಸೇವೆ ಅಂತ ಯಾರಾದರೂ ಅಂದುಕೊಂಡಿದ್ದರೆ ಈಗಲೇ ಹೇಳಿಬಿಡುತ್ತೇನೆ, ಅದು ವ್ಯಾಪಾರ.)

ಬೆಳಿಗ್ಗೆ ನೂಲು, ಮಧ್ಯಾಹ್ನ ಟೈಪು. ನನ್ನ ದಿನಚರಿ ಹೀಗಾಯಿತು.

ಕೀಲಿಗಳು ಎಲ್ಲಿವೆ ಎಂಬುದು ಒಂದೇ ತಿಂಗಳಿಗೆ ಬಾಯಿಪಾಠವಾಯಿತು. ಕಣ್ಣುಮುಚ್ಚಿ ಹೊಡೆಯುತ್ತಿದ್ದೆ. ತಪ್ಪಿಲ್ಲ, ವೇಗವೂ ಇದೆ. ಒಂದೇ ತೊಂದರೆ. ಕಾಗದದ ಮೇಲೆ ಅಕ್ಷರ ಕಾಣುತ್ತಿರಲಿಲ್ಲ.

ಕಾಣುತ್ತಿರಲಿಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ. ಬಿಸಿಲಿಗೆ ಹಿಡಿದರೆ ಅಲ್ಲೊಂದು ಇಲ್ಲೊಂದು ಬೂದು ಗೆರೆ ಕಾಣುತ್ತಿತ್ತು. ಕಾರ್ಬನ್ ಇಟ್ಟು ಕಾಪಿ ತೆಗೆದರೆ ಕೆಳಗಿನ ಹಾಳೆ ಆಗ ತಾನೇ ಅಂಗಡಿಯಿಂದ ತಂದಷ್ಟು ಬೆಳ್ಳಗೆ ಇರುತ್ತಿತ್ತು.

ಮೇಷ್ಟ್ರು ಮೊದಲು ರಿಬ್ಬನ್ ಬದಲಾಯಿಸಿದರು. ಆಮೇಲೆ ಮೆಷಿನ್ ಬದಲಾಯಿಸಿದರು. ಆಮೇಲೆ ನನ್ನ ಊಟದ ಮೇಲೆ ಅವರಿಗೆ ಅನುಮಾನ ಬಂತು.

"ಮಾದೇವಿ, ಮಧ್ಯಾಹ್ನಕ್ಕೆ ಏನು ಉಣ್ತೀಯವ್ವಾ?"

"ಮುದ್ದೆ ಸಾ."

"ಎಷ್ಟು?"

"ಒಂದು."

"ನಾಳಿಂದ ಎರಡು ಉಣ್ಣು."

ಎರಡು ಉಂಡೆ. ನಿದ್ದೆ ಬಂತೇ ಹೊರತು ಅಕ್ಷರ ಬರಲಿಲ್ಲ.

ನಮ್ಮ ಮೇಷ್ಟ್ರಿಗೆ ಇದು ಬರೀ ಒಬ್ಬ ಹುಡುಗಿಯ ಪಾಠದ ಪ್ರಶ್ನೆಯಾಗಿರಲಿಲ್ಲ. ಅದೇ ಬೀದಿಯ ಕೊನೆಯಲ್ಲಿ ಇನ್ನೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಶುರುವಾಗಿತ್ತು. ಹೊಸ ಮೆಷಿನ್ನು, ಫ್ಯಾನು, ಬಾಗಿಲಿಗೆ ಬಣ್ಣದ ಕರ್ಟನ್ನು. ನನ್ನ ಮಸುಕು ಹಾಳೆಯೊಂದು ಯಾರದೋ ಕೈಸೇರಿ ಅಲ್ಲಿಗೂ ಹೋಯಿತು. ಸಿದ್ದಲಿಂಗ ಮೇಷ್ಟ್ರು ಹೊಸ ರಿಬ್ಬನ್ನೇ ಹಾಕುವುದಿಲ್ಲವಂತೆ, ಹಳೆಯದನ್ನೇ ತಿರುಗಿಸಿ ತಿರುಗಿಸಿ ಹಾಕುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಇಬ್ಬರು ಹುಡುಗಿಯರು ನಮ್ಮಲ್ಲಿ ಬಿಟ್ಟು ಅಲ್ಲಿಗೆ ಸೇರಿಕೊಂಡರು.

ಮಾರನೇ ದಿನ ಮೇಷ್ಟ್ರು ಹನೂರಿನಿಂದ ಬರುವ ದಾರಿಯಲ್ಲಿ ಮಧುವನಹಳ್ಳಿಯಲ್ಲೇ ಇಳಿದುಬಿಟ್ಟರು. ಕಂಕುಳಲ್ಲಿ ಕೊಡೆ, ಕೈಯಲ್ಲಿ ನನ್ನ ಹಾಳೆಗಳು. ಕೇಳಿಕೊಂಡು ಕೇಳಿಕೊಂಡು ಸೀದಾ ಶೆಡ್ಡಿಗೆ ಬಂದರು.

ಅವ್ವ ತೊಟ್ಟಿಯಿಂದ ಕೈ ತೆಗೆಯದೇ ತಲೆಯೆತ್ತಿ ನೋಡಿದಳು.

"ನೋಡವ್ವಾ, ನಿನ್ನ ಮಗಳಿಗೆ ಬುದ್ಧಿ ಅದೆ. ಆದ್ರೆ ಕೈಲಿ ಬಲ ಇಲ್ಲ. ಹೀಗಾದ್ರೆ ಪರೀಕ್ಷೇಲಿ ಗ್ಯಾರಂಟಿ ಫೇಲು. ಕಾಣದೇ ಇರೋ ಅಕ್ಷರಕ್ಕೆ ಯಾರು ಮಾರ್ಕ್ಸ್ ಕೊಡ್ತಾರೆ?" ಎಂದು ಮೇಷ್ಟ್ರು ಹಾಳೆಗಳನ್ನು ಅವಳ ಮುಖಕ್ಕೆ ಹಿಡಿದರು.

"ಬಲ ಇಲ್ವಾ? ಎರಡು ಬಿಂದ್ಗ ನೀರ ಒಟ್ಗೇ ಹೊತ್ಕಬತ್ತಾಳ ಸಾ ಇವ್ಳು!" ಎಂದಳು ಅವ್ವ.

ಮೇಷ್ಟ್ರು ನನ್ನ ಕಡೆ ತಿರುಗಿದರು. ಅವರ ಕಣ್ಣು ನನ್ನ ಬೆರಳ ಮೇಲಿತ್ತು. ನಾನು ಆ ಹೊತ್ತಿಗೆ ಸುಡುನೀರಿನಿಂದ ಎಳೆಯೊಂದನ್ನು ಎತ್ತಿ ಓಡುತ್ತಿರುವ ನೂಲಿಗೆ ಸೇರಿಸುತ್ತಿದ್ದೆ. ಮತ್ತೊಂದು ಎತ್ತಿದೆ. ಮತ್ತೊಂದು. ಅವರು ಕೊಡೆಯನ್ನು ಗೋಡೆಗೆ ಒರಗಿಸಿದರು, ಅಂಗಿಯ ತೋಳು ಮಡಚಿದರು, ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ನಾನು ಬೇಡ ಅನ್ನುವಷ್ಟರಲ್ಲಿ ತೊಟ್ಟಿಗೆ ಕೈ ಹಾಕಿಯೇಬಿಟ್ಟರು.

"ಅಯ್ಯಪ್ಪಾ!"

ಶೆಡ್ಡಿನಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಮೇಷ್ಟ್ರು ಬಿಡಲಿಲ್ಲ. ಬೆರಳಿಗೆ ಉಫ್ ಎಂದು ಊದಿ ಮತ್ತೆ ಹಾಕಿದರು. ಎಳೆ ಸಿಕ್ಕಿತು, ಹರಿಯಿತು. ಮತ್ತೊಂದು ಸಿಕ್ಕಿತು, ಅದೂ ಹರಿಯಿತು. ನಾಲ್ಕನೆಯದು ಹರಿದಾಗ ಅವರು ಎದ್ದುನಿಂತು, ಕೆಂಪಾದ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡು ಹೇಳಿದರು.

"ಗೊತ್ತಾಯ್ತು ಕಣವ್ವಾ. ಇವಳು ನನ್ನ ಮೆಷಿನ್ನಿಂದ ರೇಷ್ಮೆ ತೆಗೀತಾವಳೆ."

ನಿಜ. ನನಗೇ ಗೊತ್ತಿರಲಿಲ್ಲ. ಗುಂಡಿಯ ಮೇಲೆ ಬೆರಳಿಟ್ಟ ಕೂಡಲೇ ಎಲ್ಲಿ ಹರಿದುಹೋಗುತ್ತದೋ ಎಂದು ನನ್ನ ಕೈ ತಾನೇ ಹಿಂದೆ ಸರಿಯುತ್ತಿತ್ತು.

ಹಾಗಾದರೆ ಹೊಡೆಯುವುದನ್ನು ಹೇಗೆ ಕಲಿಸುವುದು? ಮೇಷ್ಟ್ರು ತಲೆ ಕೆರೆದುಕೊಂಡರು. ದಾರಿ ತೋರಿಸಿದವಳು ಅವ್ವ.

"ಸಿಟ್ಟು ಬಂದ್ರ ಇವ್ಳು ತಂಗಿ ತಲಗ ಮೊಟಕ್ತಾಳಲ್ಲ ಸಾ, ಆ ಕೂಸು ಊರಿಗೆಲ್ಲ ಕೇಳಂಗ ಅಳ್ತದ. ಹಂಗೇ ಮೊಟ್ಕು ಅನ್ನಿ."

ಅವತ್ತು ಮಧ್ಯಾಹ್ನದಿಂದಲೇ ನನ್ನ ಪಾಠ ಬದಲಾಯಿತು. ಒಂದು ಅಕ್ಷರಕ್ಕೆ ಒಂದು ಮೊಟಕು. ಮೇಷ್ಟ್ರು ಹಿಂದೆ ನಿಂತು, "ಪುಟ್ಟಿ ತಲೆ ಸಾಲ್ದಿದ್ರೆ ನನ್ನ ತಲೆ ಅಂದ್ಕೋ! ಮೊಟ್ಕು! ಇನ್ನೂ ಜೋರಾಗಿ!" ಎಂದು ಕೂಗುತ್ತಿದ್ದರು. ಉಳಿದವರು ತಮ್ಮ ಮೆಷಿನ್ನು ನಿಲ್ಲಿಸಿ ನೋಡುತ್ತಿದ್ದರು. ನಾಚಿಕೆಯಾಗುತ್ತಿತ್ತು. ಆದರೆ ಮೂರನೇ ವಾರಕ್ಕೆ ಅಕ್ಷರ ಕಪ್ಪಗೆ ಬಂತು. ಐದನೇ ವಾರಕ್ಕೆ ಕಾರ್ಬನ್ನಿನ ಕೆಳಗೂ ಬಂತು. ಆ ಹಾಳೆಯನ್ನು ಅವ್ವನಿಗೆ ತೋರಿಸಿದೆ. ಓದಲು ಬಾರದ ಅವ್ವ ಅದನ್ನು ಹಿಂದೆಮುಂದೆ ತಿರುಗಿಸಿ, ಹಿಂಬದಿಗೆ ಉಬ್ಬಿಬಂದಿದ್ದ ಅಕ್ಷರಗಳನ್ನು ಹೆಬ್ಬೆರಳಿನಿಂದ ಸವರಿದಳು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು, ಅಲ್ಲವೇ?

ಮುಗಿಯಲಿಲ್ಲ. ಟೈಪು ಬಂದ ಕೈಯಿಂದ ರೇಷ್ಮೆ ಹೋಗತೊಡಗಿತು. ಮೊದಲು ದಿನಕ್ಕೆ ಒಂದೆರಡು ಸಲ ಎಳೆ ಹರಿಯಿತು. ಆಮೇಲೆ ಗಂಟೆಗೆ ಒಂದೆರಡು ಸಲ. ಬೆಳಿಗ್ಗೆ ಮೃದುವಾಗು, ಮಧ್ಯಾಹ್ನ ಒರಟಾಗು ಎಂದು ನಾನು ಹೇಳಿದರೆ ಬೆರಳು ಕೇಳಬೇಕಲ್ಲ? ಒಂದು ಬೆಳಿಗ್ಗೆ ನಂಜುಂಡಪ್ಪನವರು ನನ್ನ ಹಿಂದೆ ಬಂದು ಬಹಳ ಹೊತ್ತು ನಿಂತರು. ಅವರು ಕೂಗಾಡುವ ಮನುಷ್ಯನಲ್ಲ. ಅವ್ವನ ಕಡೆ ತಿರುಗಿ ಮೆಲ್ಲಗೇ ಹೇಳಿದರು.

"ಮಗಳ ಕೈ ಕೆಟ್ಟೋಯ್ತು ಕಣವ್ವ. ನಾಳಿಂದ ತೊಟ್ಟಿಗ ಕೂರುಸ್ಬ್ಯಾಡ."

ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು. ಪಾಸಾಗುತ್ತೇನೆಂಬ ಖಾತ್ರಿ ಇಲ್ಲ, ಪಾಸಾದರೂ ಕೆಲಸ ಸಿಗುತ್ತದೆಂಬ ಖಾತ್ರಿ ಇಲ್ಲ. ಇತ್ತ ಗೊತ್ತಿದ್ದ ಒಂದೇ ಕೆಲಸವೂ ಕೈಬಿಟ್ಟಿತು. ಫೇಲಾದರೆ ನಾನು ಶೆಡ್ಡಿಗೂ ಇಲ್ಲ, ಆಫೀಸಿಗೂ ಇಲ್ಲ. ಟೈಪು ಬಿಟ್ಟುಬಿಡುತ್ತೇನೆ, ತಿಂಗಳೊಳಗೆ ಕೈ ಮೊದಲಿನ ಹಾಗೆ ಆಗುತ್ತದೆ ಎಂದು ಅಲ್ಲೇ ಅಳುತ್ತಾ ಹೇಳಿದೆ.

ಅವ್ವ ರಾಟೆ ನಿಲ್ಲಿಸಿದಳು. (ಅವಳು ಕೆಲಸದ ನಡುವೆ ರಾಟೆ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.) ತನ್ನೆರಡು ಕೈಗಳನ್ನು ನೀರಿನಿಂದ ತೆಗೆದು ನನ್ನ ಮುಂದೆ ಹಿಡಿದಳು. ಬೆರಳ ತುದಿಗಳು ಬೆಂದು ಬೆಳ್ಳಗಾಗಿದ್ದವು. ಚರ್ಮ ಸುಲಿದು, ಮತ್ತೆ ಬಂದು, ಮತ್ತೆ ಸುಲಿದು, ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು.

"ಕೆಟ್ರ ಕೆಡ್ಲಿ ಆ ಕೈ. ಕೆಡ್ಲಿ ಅಂತ್ಲೇ ಅಲ್ವಾ ನಿನ್ನ ಅಲ್ಲಿಗ ಕಳ್ಸಿದ್ದು?" ಎಂದಳು.

ನನ್ನ ಕೈಯನ್ನು ಎಲ್ಲರೂ ಹೊಗಳುವಾಗ ಅವಳು ಯಾಕೆ ಮುಖ ತಿರುಗಿಸುತ್ತಿದ್ದಳೆಂದು ಅವತ್ತು ಗೊತ್ತಾಯಿತು.

ಮಾರನೇ ದಿನ ಬೆಳಿಗ್ಗೆಯೇ ಇನ್‌ಸ್ಟಿಟ್ಯೂಟಿಗೆ ಹೋಗಿ ನಡೆದದ್ದನ್ನು ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಒಂದು ಒಪ್ಪಂದ ಹೇಳಿದರು. ಮೆಷಿನ್ನು ಯಾವಾಗ ಖಾಲಿ ಇದ್ದರೂ ನಾನು ಕೂತು ಪ್ರಾಕ್ಟೀಸ್ ಮಾಡಬಹುದು. ಅದಕ್ಕೆ ಬದಲಾಗಿ ಉಳಿದವರ ಪಾಠದ ಹಾಳೆಗಳನ್ನೆಲ್ಲ ನಾನು ಕಾರ್ಬನ್ ಇಟ್ಟು ಹೊಡೆದುಕೊಡಬೇಕು. "ನಾಲ್ಕು ಕಾಪಿ ದಾಟಿ ಹೊಡೆಯೋರು ಈಗ ನಮ್ಮಲ್ಲಿ ನೀನೊಬ್ಬಳೇ" ಎಂದರು. ಧರ್ಮಕ್ಕೆ ಕೊಟ್ಟಿದ್ದರೆ ನನಗೆ ಮುಜುಗರವಾಗುತ್ತಿತ್ತು. ಕೆಲಸಕ್ಕೆ ಕೆಲಸ ಎಂದದ್ದರಿಂದ ತಲೆಯೆತ್ತಿ ಕೂತೆ.

ಪರೀಕ್ಷೆ ಮೈಸೂರಿನಲ್ಲಿ. ಈಗಿನ ಮಕ್ಕಳು ನಂಬುವುದಿಲ್ಲ, ಆ ಕಾಲದಲ್ಲಿ ಟೈಪಿಂಗ್ ಪರೀಕ್ಷೆಗೆ ನಮ್ಮ ಮೆಷಿನ್ನನ್ನು ನಾವೇ ಹೊತ್ತುಕೊಂಡು ಹೋಗುತ್ತಿದ್ದೆವು! ಪೆನ್ನು ತೆಗೆದುಕೊಂಡು ಹೋಗುವ ಹಾಗೆ. ಮೇಷ್ಟ್ರು ಒಂದೊಂದು ಮೆಷಿನ್ನಿಗೂ ಹಳೆಯ ಕಂಬಳಿ ಸುತ್ತಿ, ಹಗ್ಗ ಕಟ್ಟಿ, ಬಾಣಂತಿಯನ್ನು ಕೂರಿಸುವಷ್ಟು ಜೋಪಾನವಾಗಿ ಪ್ರೈವೇಟ್ ಬಸ್ಸಿನ ಸೀಟುಗಳ ಮೇಲೆ ಇರಿಸಿದರು. ನನ್ನದು ನನ್ನ ತೊಡೆಯ ಮೇಲಿತ್ತು.

"ಸಾ, ಕಂಬ್ಳಿ ಒದ್ಕಂಡಿರೋರ್ಗೂ ಟಿಕೀಟು ತಕಳ್ಳಿ" ಎಂದ ಕಂಡಕ್ಟರು.

"ಅವು ಪರೀಕ್ಷೆಗೆ ಕೂತ್ಕೊಳೋ ಮಕ್ಕಳು ಕಣಯ್ಯ. ಕನ್ಸೆಷನ್ ಕೊಡು" ಎಂದರು ಮೇಷ್ಟ್ರು. ಬಸ್ಸೆಲ್ಲ ನಕ್ಕಿತು. ನಾನು ಮಾತ್ರ ಕಂಬಳಿಯ ಮೇಲೇ ಬೆರಳಾಡಿಸುತ್ತಾ ಪಾಠ ಹೊಡೆಯುತ್ತಿದ್ದೆ.

ಪರೀಕ್ಷೆಯ ಹಾಲಿನಲ್ಲಿ ಬೆಲ್ ಹೊಡೆಯಿತು. ಒಮ್ಮೆಗೇ ಐವತ್ತು ಮೆಷಿನ್ನುಗಳು ಶುರುವಾದವು. ಹಂಚಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂಥ ಸದ್ದು. ನಾನೂ ಶುರು ಮಾಡಿದೆ. ಎರಡು ಸಾಲು ಮುಗಿಸಿ ಹಾಳೆ ನೋಡುತ್ತೇನೆ, ಬೂದು ಗೆರೆ!

ಹೆದರಿದ ಕೈ ತನಗೆ ಮೊದಲು ಗೊತ್ತಿದ್ದ ಕಡೆಗೇ ಓಡಿಹೋಗಿತ್ತು. ಮುಟ್ಟಿಯೂ ಮುಟ್ಟದ ಹಾಗೆ ಹೊಡೆಯುತ್ತಿದ್ದೆ. ಜೋರಾಗಿ ಒತ್ತಲು ನೋಡಿದರೂ ಬೆರಳು ಹಿಂದಕ್ಕೇ ಸರಿಯುತ್ತವೆ. ಪುಟ್ಟಿಯ ತಲೆ ನೆನೆಸಿಕೊಂಡೆ, ಆಗಲಿಲ್ಲ. ಮೇಷ್ಟ್ರ ತಲೆ ನೆನೆಸಿಕೊಂಡೆ, ಅದೂ ಆಗಲಿಲ್ಲ. ಗಡಿಯಾರ ಓಡುತ್ತಿತ್ತು. ಈ ಹೊತ್ತಿಗೆ ಅವ್ವ ಎರಡನೇ ಸಲ ತೊಟ್ಟಿಗೆ ಬಿಸಿನೀರು ತುಂಬುತ್ತಿರುತ್ತಾಳೆ ಎಂದು ಇದ್ದಕ್ಕಿದ್ದಂತೆ ಅನ್ನಿಸಿತು. ನನ್ನ ಪಾಲಿನ ಗೂಡನ್ನೂ ಈಗ ಅವಳೇ ಬಿಡಿಸುತ್ತಿದ್ದಾಳೆ. ಆ ಬಿಳಿ ಬೆರಳುಗಳು ಕಣ್ಣಮುಂದೆ ಬಂದವು. ಎಲ್ಲಿತ್ತೋ ಸಿಟ್ಟು! ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ. ಆ ನೀರಿನ ಮೇಲೆ ಇರಬೇಕು.

ಮೂರನೇ ಸಾಲಿನಿಂದ ಮೊಟಕಿದೆ. ಎಷ್ಟು ಮೊಟಕಿದೆನೆಂದರೆ ಇಂಗ್ಲಿಷಿನ 'ಓ' ಅಕ್ಷರ ಇದ್ದಲ್ಲೆಲ್ಲ ಕಾಗದಕ್ಕೆ ತೂತು ಬಿತ್ತು. ಹಾಳೆಯನ್ನು ತೆಗೆದುಕೊಳ್ಳಲು ಬಂದ ಮೇಲ್ವಿಚಾರಕರು ಅದನ್ನು ಬೆಳಕಿಗೆ ಹಿಡಿದು, ಆ ತೂತುಗಳಿಂದ ನನ್ನನ್ನೊಮ್ಮೆ ನೋಡಿದರು.

ಪಾಸಾದೆ. ಫಸ್ಟ್ ಕ್ಲಾಸೇನಲ್ಲ. ಮೊದಲ ಎರಡು ಸಾಲು ತಿಂದ ಮಾರ್ಕ್ಸು ಎಲ್ಲಿಂದ ಬರಬೇಕು? ಆದರೂ ಮೇಷ್ಟ್ರು ಮೆಟ್ಟಿಲ ಬುಡದ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ನನ್ನ ಹೆಸರನ್ನೇ ಎಲ್ಲರಿಗಿಂತ ಮೇಲೆ ಬರೆದರು. ಆಮೇಲೆ ಸುಮ್ಮನೆ ಕೂರಲಿಲ್ಲ. ಕೊಳ್ಳೇಗಾಲದ ಸೀರೆ ವ್ಯಾಪಾರಿಗಳ ಅಂಗಡಿ ಅಂಗಡಿಗೂ ಹೋಗಿ, ನನ್ನ ನಾಲ್ಕನೇ ಕಾರ್ಬನ್ ಕಾಪಿಯನ್ನು ಸ್ಯಾಂಪಲ್ ಥರ ಮೇಜಿನ ಮೇಲೆ ಹರಡಿದರು. ಮೂರು ತಿಂಗಳೊಳಗೆ ಒಬ್ಬ ವ್ಯಾಪಾರಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹೊರಗಿನ ಊರುಗಳ ಅಂಗಡಿಗಳಿಗೆ ಕಾಗದ ಬರೆಯುವ ಕೆಲಸ. ಅಲ್ಲಿಂದ ಮೈಸೂರು, ಮೈಸೂರಿನಲ್ಲಿ ಪತ್ರಿಕೆಯ ಆಫೀಸು, ಟೈಪಿಸ್ಟಿನಿಂದ ಡೆಸ್ಕು, ಡೆಸ್ಕಿನಿಂದ ಈ ಅಂಕಣ. ಉಳಿದದ್ದು ನಿಮಗೆ ಗೊತ್ತು, ವಾರವಾರ ಸಹಿಸಿಕೊಳ್ಳುತ್ತಿದ್ದೀರಿ.

ಒಂದನ್ನು ಮಾತ್ರ ಹೇಳಲೇಬೇಕು. ನನಗೆ ಕೆಲಸ ಸಿಕ್ಕಿ ಒಂದು ವರ್ಷಕ್ಕೆ ಅವ್ವ ಶೆಡ್ಡು ಬಿಟ್ಟಳು. ಬಿಟ್ಟ ಎಷ್ಟೋ ತಿಂಗಳ ಮೇಲೆ ಒಂದು ದಿನ ಮೂವರೂ ಉಣ್ಣಲು ಕೂತಿದ್ದೆವು. ಮುದ್ದೆ ಮುರಿಯಲು ಹೋದ ಅವ್ವ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಇದೇನ ಮಗಾ, ಇಷ್ಟೊಂದು ಸುಡ್ತದ!"

ಪುಟ್ಟಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ನಮ್ಮ ಅವ್ವನಿಗೆ ಬಿಸಿ ಸುಡುತ್ತದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದವಳು ಅವಳು. ಬೆರಳಿಗೆ ಹೊಸ ಚರ್ಮ ಬಂದಿತ್ತು. ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತು ಬಂದೆ.

ಈಗ ಯಳಂದೂರಿನ ಓದುಗರಿಗೆ ಉತ್ತರ. ಸ್ವಾಮಿ, ಅವ್ವನ ಕೈಯನ್ನು ಬೇಯಿಸಿದ್ದೂ ಖಾಸಗಿಯೇ, ನನ್ನ ಕೈಯನ್ನು ಅಲ್ಲಿಂದ ಬಿಡಿಸಿದ್ದೂ ಖಾಸಗಿಯೇ. ಅದಕ್ಕೇ ನನಗೆ ಭಾಷಣ ಮಾಡಲು ಬರುವುದಿಲ್ಲ. ಆದರೆ ಅಪ್ಪನಿಲ್ಲದ ಮನೆಗೆ ಅಷ್ಟು ವರ್ಷ ಹಿಟ್ಟು ಬಂದದ್ದು ನಂಜುಂಡಪ್ಪನವರ ಶೆಡ್ಡಿನಿಂದ ಎಂಬುದನ್ನು ಹೇಗೆ ಮರೆಯಲಿ? ಹನ್ನೊಂದು ಮೆಷಿನ್ನಿಟ್ಟುಕೊಂಡು ತನ್ನ ಹೊಟ್ಟೆಪಾಡಿಗೆ ಬಾಗಿಲು ತೆರೆದ ಒಬ್ಬ ಮನುಷ್ಯನಿಂದ ಆ ಸುತ್ತಿನ ಎಷ್ಟು ಮನೆಗಳ ಮಕ್ಕಳು ದಡ ಸೇರಿದರು! ಕೌದಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಈಗ ಕೋರ್ಟಿನಲ್ಲಿದ್ದಾಳೆ. ಮುಳ್ಳೂರಿನ ಒಬ್ಬರು ತಮ್ಮದೇ ಪ್ರೆಸ್ಸು ಇಟ್ಟಿದ್ದಾರೆ. ದೊಡ್ಡ ಕಂಪನಿಗಳ ವಿಷಯ ದೊಡ್ಡವರು ಬರೆಯಲಿ. ನನಗೆ ಖಾಸಗಿ ವಲಯ ಅಂದರೆ ದಿನಸಿ ಅಂಗಡಿಯ ಪಕ್ಕದ ಆ ಕಡಿದಾದ ಮೆಟ್ಟಿಲು.

ಕೀಬೋರ್ಡಿನ ವಿಷಯ ಹೇಳಿ ನಗಿಸೋಣವೆಂದು ಈ ಭಾನುವಾರ ಹನೂರಿಗೆ ಹೋಗಿ ಮೇಷ್ಟ್ರನ್ನು ನೋಡಿದೆ. ವಯಸ್ಸಾಗಿದೆ. ಇನ್‌ಸ್ಟಿಟ್ಯೂಟನ್ನು ಸೊಸೆ ಕಂಪ್ಯೂಟರ್ ಸೆಂಟರ್ ಮಾಡಿದ್ದಾಳಂತೆ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಗುರುತು ಹಿಡಿದು, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲವಲ್ಲ ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ನೀವಿಲ್ಲದಿದ್ದರೆ ನಾನು ಇನ್ನೂ ಆ ತೊಟ್ಟಿಯ ಮುಂದೆಯೇ ಇರುತ್ತಿದ್ದೆ ಎಂದೆ.

"ಏಳವ್ವಾ, ಏಳು. ಸುಮ್ನೆ ನನ್ನ ದೊಡ್ಡೋನ್ ಮಾಡ್ಬೇಡ. ಅವತ್ತು ಪರೀಕ್ಷೆ ದಿನ ನಾನೆಲ್ಲಿದ್ದೆ ಗೊತ್ತಾ?"

"ಬಸ್ ಸ್ಟ್ಯಾಂಡಿಗೆ ಹೋಗಿ ಕಾಫಿ ಕುಡಿದು ಬಂದೆ ಅಂದಿದ್ರಿ ಸಾ."

"ಎಲ್ಲಿ ಕಾಫಿ! ಹಾಲ್ ಹಿಂದೆ, ಕಿಟಕಿ ಕೆಳಗೆ ನಿಂತಿದ್ದೆ. ನನ್ನ ಮೆಷಿನ್ನುಗಳ ಸದ್ದು ನನಗೆ ಗೊತ್ತಿಲ್ವಾ? ಎಲ್ಲಾ ಕೇಳಿಸ್ತಾ ಅದೆ, ನಿನ್ನದೊಂದೇ ಇಲ್ಲ. ಮಣ್ಣಲ್ಲೇ ಕುಸಿದು ಕೂತ್ಬಿಟ್ಟೆ. ಆ ಸಲ ನೀನು ಫೇಲಾಗಿದ್ರೆ, ಊರೆಲ್ಲ ಆಡ್ಕೊಳ್ತಿದ್ದ ಹುಡುಗಿ ನೀನೇ ನೋಡು, ಉಳಿದೋರೂ ಆ ಕಡೆ ಇನ್‌ಸ್ಟಿಟ್ಯೂಟಿಗೆ ಹೋಗಿಬಿಡೋರು. ಮುಚ್ಕೊಂಡು ಹನೂರಿಗೆ ಬರ್ಬೇಕಾಗಿತ್ತು. ಮನೇಲಿ ಐದು ಜನ." ಅವರೆಕಾಯಿಯ ಸಿಪ್ಪೆಯನ್ನು ಪಕ್ಕಕ್ಕೆ ಎಸೆದು ಮೇಷ್ಟ್ರು ನಕ್ಕರು. "ಆಮೇಲೆ ಒಂದೇ ಸಲಕ್ಕೆ ಶುರು ಆಯ್ತು ನೋಡು ನಿನ್ನ ಮೊಟ್ಕು! ಅಳೂ ಬಂತು, ನಗೂ ಬಂತು. ನಿನಗೋಸ್ಕರ ಅಲ್ಲ ಕಣ್ ತಾಯಿ, ನನ್ನ ಹೊಟ್ಟೆಗೋಸ್ಕರ."

ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಮೇಷ್ಟ್ರ ಹತ್ತಿರ ಸೇರುವ ಮೊದಲು ನಾನು ಎಷ್ಟೋ ಕಡೆ ಪಾಠ ಕಲಿತಿದ್ದೆ. ಎಷ್ಟೋ ಮಂದಿ ಅಯ್ಯೋ ಪಾಪ ಅಂದಿದ್ದರು, ಚೆನ್ನಾಗಿ ಓದಮ್ಮ ಅಂದಿದ್ದರು. ಒಳ್ಳೆಯವರೇ. ಆದರೆ ನಾನು ಸೋತಿದ್ದರೆ ಅವರಲ್ಲಿ ಯಾರ ಮನೆಯ ಒಲೆಯೂ ಆರುತ್ತಿರಲಿಲ್ಲ.

ನಾನು ಗೆಲ್ಲದಿದ್ದರೆ ತನಗೇ ಅನ್ನವಿಲ್ಲ ಎಂದು ಮಣ್ಣಿನಲ್ಲಿ ಕುಸಿದು ಕೂರುವ ಒಬ್ಬ ಮನುಷ್ಯ, ಬಡವರ ಮನೆಯ ಎಷ್ಟು ಮಕ್ಕಳಿಗೆ ಸಿಗುತ್ತಾನೆ ಹೇಳಿ?